ಒಂದೇ ಮೂಲೆಯಲ್ಲಿ ಕಳೆದದ್ದು

ಆ ಮಾತು ಹೇಳಿದ್ದು ಮಾವನೋ, ಅವರ ಅಕ್ಕಿ ಮಿಲ್ಲಿನಲ್ಲಿ ಭತ್ತ ಹರವುವ ಕೂಲಿಗೆ ಬರುತ್ತಿದ್ದ, ಎಲ್ಲರೂ ಅವ್ವ ಎನ್ನುವ ಮುದುಕಿಯೋ, ನನಗೆ ಖಚಿತವಿಲ್ಲ. ಎಮ್ಮೆ ಇದ್ದದ್ದು ಮಾತ್ರ ನಿಜ ಅನಿಸುತ್ತದೆ. ಅದೂ ಅನಿಸಿಕೆಯೇ.

ಆಗ ನಾನು ಪಿಎಚ್‌ಡಿಯ ಕೊನೆಯಲ್ಲಿದ್ದೆ. ಒಂದು ಕಣ ಒಡೆದಾಗ ಹುಟ್ಟುವ ಚೂರುಗಳ ಶಕ್ತಿಯನ್ನೆಲ್ಲ ಕೂಡಿಸುವುದು, ಮೊದಲಿನದಕ್ಕಿಂತ ಕಡಿಮೆ ಬಂದರೆ ಉಳಿದದ್ದನ್ನು ಕಾಣದ ಡಾರ್ಕ್ ಮ್ಯಾಟರ್ ಒಯ್ದಿರಬಹುದೇ ಎಂದು ನೋಡುವುದು ನನ್ನ ಕೆಲಸ. ಹಾಗೆ ಕಡಿಮೆ ಬಿದ್ದ ಕೆಲವು ಘಟನೆಗಳು ನನಗೆ ಸಿಕ್ಕಿದ್ದವು. ಸೋಮವಾರ ಗೈಡಿಗೆ ಕಳಿಸಬೇಕು. ನಿಜವಾದರೆ ಹೆಸರು, ತಪ್ಪಾದರೆ ನಗೆಪಾಟಲು. ಎರಡು ದಿನ ತಲೆ ತಣ್ಣಗಾಗಲಿ ಎಂದು ಮಾವನ ಊರು ಕಂಪ್ಲಿಗೆ ಬಂದಿದ್ದೆ.

ಮಿಲ್ಲಿನ ಸದ್ದಿನಲ್ಲೇ ಮಾವನಿಗೆ ಇದನ್ನೆಲ್ಲ ಕೂಗಿ ವಿವರಿಸಿದೆ.

"ಹಂಗಾರ ಅದು ನಮ್ಮ ಮಿಲ್ಲಿಗೂ ಬಂದೈತಿ ನೋಡಪಾ ಅಳಿಯ!" ಎಂದು ಮಾವ ನಕ್ಕರು. "ಭತ್ತ ತೂಗಿ ಹಾಕ್ತೀವಿ. ಅಕ್ಕಿ, ಹೊಟ್ಟು ಸರಿ ಬರ್ತಾವು. ತೌಡು ಮಾತ್ರ ದಿನಾ ಕಮ್ಮಿ."

ಅಂಗಳದಲ್ಲಿ ಭತ್ತ ಹರವುತ್ತಿದ್ದ ಅವ್ವ ತಲೆ ಎತ್ತಿದಳು. "ಸಾವ್ಕಾರ್ರ, ಹಿಂದ ಹೋಗಿ ನೋಡ್ರಿ. ತೌಡಿನ ಪೈಪ್ ಒಡದೈತಿ. ಕೆಳಗ ಕಟ್ಟಿದ ಪಕ್ಕದ ಮನಿ ಎಮ್ಮಿ ಪೌಡರ್ ಹಚ್ಚಿದ ಮದುಮಗಳಾಗೈತಿ. ತಿಂದು ತಿಂದು ಭಾಳ ದುಂಡಗೂ ಆಗೈತಿ!"

ಮೂವರೂ ಹೋಗಿ ನೋಡಿದೆವು. ಎಮ್ಮೆ ಮೂಗಿನ ಮೇಲಿನ ತೌಡನ್ನು ನಿಧಾನವಾಗಿ ನೆಕ್ಕುತ್ತಿತ್ತು. ಆಗಲೇ ಮಾವ, ಅವ್ವ ಇಬ್ಬರಲ್ಲಿ ಯಾರೋ ಅಂದರು: "ದಿನಾ ಒಂದ ಮೂಲ್ಯಾಗ ಕಳದ್ರ ಅದು ದೆವ್ವ ಅಲ್ಲ, ತೂತು."

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಆದರೆ ನಗು ಅರ್ಧಕ್ಕೇ ನಿಂತಿತು. ಎಷ್ಟು ಶಕ್ತಿ ಕಳೆದಿದೆ ಎಂದು ನೂರು ಸಲ ಲೆಕ್ಕ ಹಾಕಿದ್ದೆ. ಯಾವ ಕಡೆಗೆ ಕಳೆದಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಡಾರ್ಕ್ ಮ್ಯಾಟರ್ ಒಯ್ದಿದ್ದರೆ ಅದು ಎಲ್ಲ ದಿಕ್ಕಿಗೂ ಹರಡಿರಬೇಕಿತ್ತು.

ಹೊಸಪೇಟೆ ಬಸ್ಸಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದೆ. ಕಂಡ ಚೂರುಗಳ ದಿಕ್ಕಿನಿಂದ ಕಾಣದ್ದು ಎತ್ತ ಹೋಗಿರಬೇಕೆಂದು ಒಂದೊಂದಾಗಿ ಗುರುತಿಸಿದೆ. ಚುಕ್ಕಿಗಳೆಲ್ಲ ಚೂರುಗಳನ್ನು ಹಿಡಿಯುವ ಯಂತ್ರದ, ಡಿಟೆಕ್ಟರಿನ, ಒಂದೇ ಮೂಲೆಯಲ್ಲಿ ಗುಂಪುಗೂಡಿದವು. ಪಕ್ಕದಲ್ಲಿದ್ದ ಅಜ್ಜ ಪರದೆಗೆ ಇಣುಕಿ, "ಏನ್ರಿ ಅದು, ಇರುವಿ ಗೂಡೇನು?" ಎಂದು ಕೇಳಿದ. ಹೌದು ಎಂದೆ. ಬರಬೇಕಿದ್ದ ಹೆಸರು ಹೋಯಿತು. ಆದರೂ ಯಾಕೋ ಖುಷಿಯಾಗಿ, ಬಸ್ ಇಳಿದ ಮೇಲೆ ಅಜ್ಜನಿಗೂ ಒಂದು ಚಹಾ ಕೊಡಿಸಿದೆ.

ಈಗ ಮಾವ "ಆ ಮಾತು ನಂದು" ಅನ್ನುತ್ತಾರೆ, ಅವ್ವ "ನಂದ್ರಿ" ಅನ್ನುತ್ತಾಳೆ. ತೀರ್ಪು ಕೊಡಲು ನನ್ನ ನೆನಪು ಸಾಲದು. ಆದರೆ ವಾಪಸ್ ಹೋದ ಮೇಲೆ ಪ್ರಯೋಗದ ಲಾಗ್ ಪುಸ್ತಕ ತೆಗೆಸಿ ನೋಡಿದೆ: ಆ ಮೂಲೆಯಲ್ಲಿ ಚೂರುಗಳನ್ನು ಎಣಿಸುವ ಕೌಂಟರ್ ನನ್ನ ಘಟನೆಗಳು ನಡೆದ ಅಷ್ಟೂ ದಿನ ಆಫ್ ಆಗಿತ್ತು.