ಅಲ್ಲಾಡಿ ಕೆಟ್ಟ ಫೋಟೊ

ಫೋಟೊ ಕಾಕಾನ ಬೆರಳ ತುದಿಗಳು ಸದಾ ಕಪ್ಪಗಿರುತ್ತಿದ್ದವು. ಫೋಟೊ ತೊಳೆಯುವ ಔಷಧದ ಕಲೆ ಅದು. ಸೀಗೆಪುಡಿಗೂ ಹುಣಸೆಹಣ್ಣಿಗೂ ಜಗ್ಗುತ್ತಿರಲಿಲ್ಲ. ಅದೇ ಕೈಯಲ್ಲಿ ವಿಭೂತಿ ಹಚ್ಚಿಕೊಳ್ಳುತ್ತಿದ್ದರು, ಅದೇ ಕೈಯಲ್ಲಿ ನನಗೂ ಅವರ ಮಗಳಿಗೂ ತಿನ್ನಲು ಮಂಡಾಳು ಹಂಚುತ್ತಿದ್ದರು. ಸ್ವಂತ ಕಾಕಾ ಏನಲ್ಲ. ಹೊಸಪೇಟೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ, ಅಷ್ಟೆ.

ಜಂಬ ಅಂದರೆ ಏನು ಜಂಬ ಅಂತೀರಿ! ಹಂಪಿ ನೋಡಲು ಬಂದ ದೊರೆಗಳಿರಲಿ, ಸಂಡೂರಿನ ಸಾಹುಕಾರರಿರಲಿ, ಕಾಕಾ ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿದರೆಂದರೆ ಎಲ್ಲರಿಗೂ ಒಂದೇ ಗದರಿಕೆ: “ಅಲ್ಲಾಡಬ್ಯಾಡ್ರಿ! ಅಲ್ಲಾಡಿದ್ರ ಕೆಟ್ಟಿತು!” ಫೋಟೊ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಹೆದರುವ ಕಾಲ. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಹೂವು ಮುಡಿಸಿ, ಆಮೇಲೆ ಮಣ್ಣು ಮಾಡುತ್ತಾರಲ್ಲ, ಬಹಳ ಮನೆಯವರು ಆಗಲೇ ಕಾಕಾನನ್ನು ಕರೆಸುತ್ತಿದ್ದರು. “ಸತ್ತವ್ರಷ್ಟು ಛಲೋ ಯಾರೂ ಕುಂದ್ರಂಗಿಲ್ಲ ನೋಡ್ರಿ” ಎಂದು ಅವರು ನಗುತ್ತಿದ್ದರು. ಕೇಳಿದವರು ಥೂ ಅನ್ನುತ್ತಿದ್ದರು.

ಮಗಳ ಫೋಟೊ ತೆಗೆದದ್ದು ಒಂದೇ ಸಲ, ಹೊಸ ಕ್ಯಾಮೆರಾ ಪರೀಕ್ಷಿಸಲು. ಕರಿಬಟ್ಟೆಯೊಳಗೆ ಕಾಕಾ ಜೋರಾಗಿ ಸೀನಿದರು. ಅವಳು ಕಿಸಕ್ಕನೆ ನಕ್ಕಳು. ಮುಖ ಕಲಸಿಹೋಯಿತು. “ಕೆಟ್ಟಿತು” ಎಂದು ಆ ಗಾಜನ್ನು ಎತ್ತಿಟ್ಟರು. ಆಗ ಫೋಟೊ ಮೂಡುತ್ತಿದ್ದುದು ಗಾಜಿನ ಮೇಲೆ. ಮುಂದೆ ಯುದ್ಧ ಬಂದು ವಿಲಾಯತಿ ಗಾಜು ಬರುವುದು ನಿಂತಿತು. ಕೆಟ್ಟ ಗಾಜುಗಳನ್ನೆಲ್ಲ ಸೋಡಾ ಹಾಕಿದ ಬಿಸಿನೀರಿನಲ್ಲಿ ಅದ್ದಿ, ಕೆರೆದು, ಗಿರಾಕಿಗಳ ಫೋಟೊಗಳಿಗೆ ಕಟ್ಟು ಹಾಕಲು ಬಳಸಿದರು. ಅವಳ ಗಾಜೂ ಅದರಲ್ಲೇ ಹೋಯಿತು. ಆಗ ಯಾರಿಗೂ ಅದು ದೊಡ್ಡ ಮಾತೆನಿಸಲಿಲ್ಲ.

ಆಮೇಲೆ ಊರೂರಿಗೆ ಹಬ್ಬಿದ ಆ ಹಾಳು ಜ್ವರ ಬಂತು. ಕಂಪ್ಲಿಯಲ್ಲಿ ಯಾರನ್ನೋ ಕೂರಿಸಿದ್ದಾರೆಂದು ಕಾಕಾ ಹೋಗಿದ್ದರು. ಅವರ ಬಂಡಿ ತಿರುಗಿ ಬರುವಷ್ಟರಲ್ಲಿ ಇಲ್ಲಿ ಮಗಳೇ ಹೋಗಿಬಿಟ್ಟಿದ್ದಳು. ಸುದ್ದಿ ಹಾದಿಯಲ್ಲೇ ತಿಳಿದಿತ್ತು. ಹೆಗಲ ಮೇಲಿನ ಕ್ಯಾಮೆರಾ ಪೆಟ್ಟಿಗೆ ಇಳಿಸದೆ ಕಾಕಿಯನ್ನು ಕೇಳಿದರು:

“ಎಲ್ಲಿ ಕುಂದ್ರಿಸೀರಿ ಅಕಿನ್ನ?”

“ಮಣ್ಣು ಮಾಡಿ ಬಂದ್ರು. ಜ್ವರದ ಹೆಣ, ಇಟ್ಕೋಬ್ಯಾಡ್ರಿ ಅಂದ್ರು. ನಿಮ್ಮನ್ನ ಕಾಯಾಕ ಬಿಡಲಿಲ್ಲರೀ.”

ನನ್ನ ಗೆಳತಿ ಅವಳು.

ಅಂದಿನಿಂದ ಕಾಕಾ ಅವಳ ಗಾಜು ಹುಡುಕುತ್ತ ಮನೆಮನೆ ಅಲೆದರು. ಗೋಡೆಯ ಮೇಲಿನ ಫೋಟೊ ಇಳಿಸಿ, ಗಾಜು ಬಿಚ್ಚಿ, ಬಿಸಿಲಿಗೆ ಹಿಡಿದು ಓರೆ ಮಾಡಿ ನೋಡುವುದು. ನಮ್ಮ ಅಜ್ಜನ ಫೋಟೊವನ್ನೂ ಇಳಿಸಿದರು.

“ಏನರ ಕಾಣ್ತೈತೇನು ಕಾಕಾ?”

“ಸೋಡಾದಾಗ ಹಾಕಿದ್ದು ಉಳಿಯಂಗಿಲ್ಲವ್ವ. ಅದು ನನಗ ಗೊತ್ತಿಲ್ಲೇನು?”

ಹಾಗೆನ್ನುತ್ತಲೇ ಗಾಜನ್ನು ಮತ್ತೆ ಓರೆ ಮಾಡಿದರು. ಊರಿನವರು ತಲೆ ಕೆಟ್ಟಿದೆ ಅಂದರು, ಅವರನ್ನು ಕಂಡರೆ ಕದ ಹಾಕಿಕೊಂಡರು. ಆ ಜನರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಗಾಜುಗಳೆಲ್ಲ ಮುಗಿದ ಮೇಲೆ ನನ್ನನ್ನು ಕೇಳತೊಡಗಿದರು. ಕಾಕಿಯ ಮುಂದೆ ಮಗಳ ಮಾತೆತ್ತುವ ಹಾಗಿರಲಿಲ್ಲ. ಮೆಟ್ರಿ ಎಂಬ ಊರಿಗೆ ಮದುವೆಯಾಗಿ ಹೋದ ಮೇಲೂ ನಾನು ತವರಿಗೆ ಬಂದಾಗಲೆಲ್ಲ ಅದೇ ಪ್ರಶ್ನೆ: “ನೀ ಹೇಳವ್ವ, ನಗೂಮುಂದ ಅಕಿ ಮುಖ ಹೆಂಗಿರ್ತಿತ್ತು?”

“ಎಡಗಲ್ಲಕ್ಕ ಗುಳಿ ಬೀಳ್ತಿತ್ತು ಕಾಕಾ. ಮ್ಯಾಲಿನ ಹಲ್ಲು ಒಂದರ ಮ್ಯಾಲ ಒಂದು ಹತ್ತಿದ್ವು.”

ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಕಡೆಯ ಸಲ ನೋಡಿದಾಗ ಹಾಸಿಗೆ ಹಿಡಿದಿದ್ದರು. ಕೆಲಸ ಬಿಟ್ಟು ಎಷ್ಟೋ ಕಾಲವಾಗಿ ಬೆರಳುಗಳು ಬೆಳ್ಳಗಾಗಿದ್ದವು. “ಕೆಟ್ಟಿದ್ರೂ ಇಟ್ಕೋಬೇಕಿತ್ತವ್ವ” ಅಂದರು. ಆಮೇಲೆ ಗಲ್ಲದ ಗುಳಿಯ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡರು.

ಅವರು ಹೋದಾಗ ಹೂವು ಮುಡಿಸಿ ಕೂರಿಸಿದರು. ಬೇರೆ ಯಾರೋ ಬಂದು ಫೋಟೊ ತೆಗೆದರು. ಒಂದಿಷ್ಟೂ ಅಲ್ಲಾಡಿಲ್ಲ, ಚೆನ್ನಾಗಿಯೇ ಬಂದಿದೆ.

ಈಗ ಅವಳ ಮುಖ ಹೇಗಿತ್ತೆಂದು ನನ್ನನ್ನು ಯಾರೂ ಕೇಳುವುದಿಲ್ಲ. ನಾನೇ ಕಣ್ಣು ಮುಚ್ಚಿ ನೋಡುತ್ತೇನೆ. ಎಡಗಲ್ಲದ ಗುಳಿ ಬರುತ್ತದೆ, ಹಲ್ಲು ಬರುತ್ತವೆ. ಮುಖ ಬರುವುದಿಲ್ಲ, ಕಾಕಾ.