ಬಡಬಡಿಸಿದರೆ ಬದುಕಿದ ಹಾಗೆ

ದೇವನಹಳ್ಳಿ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಮುನಿವೆಂಕಟಮ್ಮ ಹದಿನೆಂಟು ವರ್ಷದಿಂದ ಆಯಾ. ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆದು ವಿಷ ಏರಿಸಿಕೊಂಡು ಬಂದವರನ್ನು ಬಾಗಿಲಲ್ಲೇ ಗುರುತಿಸುತ್ತಿದ್ದಳು: ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಪಾಪೆ ಸಾಸಿವೆ ಕಾಳಿನಷ್ಟು. ಬಟ್ಟೆ ಬಿಚ್ಚಿಸಿ ಸೋಪು ಹಚ್ಚಿ ತೊಳೆಯುವುದು ಅವಳ ಕೆಲಸ, ಆಮೇಲೆ ವಿಷ ಮುರಿಯುವ ಅಟ್ರೋಪಿನ್ ಸೂಜಿ. ಎದೆಯ ಗೊರಗೊರ ನಿಂತರೆ ಡಾಕ್ಟರ್ ಶಶಿರೇಖಾಗೆ ಸಮಾಧಾನ. ಮುನಿವೆಂಕಟಮ್ಮನಿಗೆ ಅದು ಸಾಲದು. ಸೂಜಿಯ ಮದ್ದು ತಲೆಗೇರಿ ರೋಗಿ ಗಾಳಿಯಲ್ಲಿ ನೊಣ ಹಿಡಿಯುತ್ತಾ ಬಡಬಡಿಸಬೇಕು. "ಒದರ್ದಾ? ಗೆದ್ದ ಬುಡು!" ಎಂದು ಕುಣಿದಾಡಿ ಮನೆಯವರಿಗೆ ಟೀ ತರಿಸುತ್ತಿದ್ದಳು.

ತೊಂಬತ್ತೈದರಲ್ಲಿ ಟೋಕಿಯೋದ ರೈಲಿನಲ್ಲಿ ವಿಷ ಹರಡಿದ ಸುದ್ದಿ ಪೇಪರಿಗೆ ಬಂತು.

"ಅದೂ ನಮ್ಮ ದ್ರಾಕ್ಷಿ ಔಷಧೀನೂ ಒಂದೇ ವಂಶ," ಎಂದರು ಡಾಕ್ಟರ್. "ನರ ಅಪ್ಪಣೆ ಕೊಟ್ಟಾಗ ಜೊಲ್ಲು, ಬೆವರು ಎಲ್ಲಾ ಹರಿಯುತ್ತೆ. 'ಸಾಕು' ಅನ್ನೋಕೆ ಮೈಯಲ್ಲೊಂದು ರಸ ಇದೆ. ಈ ವಿಷ ಅದರ ಕೈ ಕಟ್ಟಿಹಾಕುತ್ತೆ. ಕೊನೆಗೆ ಉಸಿರೇ ನಿಲ್ಲುತ್ತೆ."

"ಪಾಪ, ಅಲ್ಲಿ ಮೈ ತೊಳ್ಯೋಕೆ ಯಾರವ್ರೋ!" ಎಂದಳು ಮುನಿವೆಂಕಟಮ್ಮ.

ಅದೇ ವಾರ ಅವಳ ಗಂಡ ಸೊಣ್ಣಪ್ಪನನ್ನೇ ಹೊತ್ತು ತಂದರು. ಬರಿಮೈಯಲ್ಲಿ, ಎದುರು ಗಾಳಿಗೆ ಔಷಧಿ ಹೊಡೆದಿದ್ದ ಪುಣ್ಯಾತ್ಮ! ಬೈಯುತ್ತಲೇ ತೊಳೆದಳು. ಸೂಜಿ ಮೇಲೆ ಸೂಜಿ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಎದೆಯ ಗೊರಗೊರ ನಿಂತಿದೆ, ಇನ್ನು ಭಯವಿಲ್ಲ ಎಂದರು ಡಾಕ್ಟರ್. ಇವಳು ನಂಬಬೇಕಲ್ಲ!

ಸೊಣ್ಣಪ್ಪ ಮೊದಲೇ ಮಾತಿಲ್ಲದವನು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವನ ಬಾಯಿಂದ "ಹೂಂ", "ಊಟ", "ಬತ್ತೀನಿ" ಬಿಟ್ಟರೆ ಹೆಚ್ಚೇನೂ ಬಂದಿರಲಿಲ್ಲ. ಇಂಥವನು ಒದರದಿದ್ದರೆ ಬದುಕಿದನೆಂದು ತಿಳಿಯುವುದು ಹೇಗೆ?

"ಏನಾರ ಬೊಗಳೋ, ನಿನ್ ದಮ್ಮಯ್ಯ!" ಎಂದು ಮಂಚದ ಕಾಲಿಗೆ ತಲೆಯಿಟ್ಟು ಕೂತಳು.

ಮೂರು ಗಂಟೆಗೆ ಸೊಣ್ಣಪ್ಪ ಬಾಯಿ ಬಿಟ್ಟ. ಗ್ಲೂಕೋಸ್ ಸ್ಟ್ಯಾಂಡನ್ನು ತಬ್ಬಿ ಹಿಡಿದು, "ಮುನಿವೆಂಕ್ಟಿ, ಎಷ್ಟ್ ಚೆಂದಾಗಿದ್ದೀಯ ಕಣೇ," ಎಂದ. "ನಿನ್ ಸೊಪ್ಪಿನ್ ಸಾರ್ ಮುಂದೆ ಬೀಗ್ರೂಟ ಯಾವ್ ಲೆಕ್ಕ! ನೀನ್ ಡ್ಯೂಟಿಗೋದ್ರೆ ಮನೆ ಬಿಕೋ ಅಂತದೆ ಕಣೇ, ಹೋಗ್ಬ್ಯಾಡ."

ವಾರ್ಡಿಗೆ ವಾರ್ಡೇ ಬಿದ್ದು ಬಿದ್ದು ನಕ್ಕಿತು. ಮುನಿವೆಂಕಟಮ್ಮ ಮಂಚದ ಈ ಕಡೆ ನಿಂತು ನಗುತ್ತಾ ಅಳುತ್ತಾ ಸೆರಗು ಒದ್ದೆ ಮಾಡಿಕೊಂಡಳು.

ಡಾಕ್ಟರ್ ಡೋಸು ಇಳಿಸಿದರು. "ನಾಳೆಗೆ ಮತ್ತೆ ಮೂಗರಾಗ್ತಾರೆ. ಇನ್ನೊಂದು ಸೂಜಿ ಹಾಕ್ಲಾ?" ಎಂದು ಕಾಲೆಳೆದರು.

"ಬ್ಯಾಡಿ ಅಮ್ಮಾ," ಎಂದಳು. "ಇನ್ನಿಪ್ಪತ್ತು ವರ್ಸಕ್ಕಾಗೋಷ್ಟು ಅಂದ್ಬುಟ್ಟ."