ಹಿಂದಿನ ವಾರ ತೋರಿಸದ ಕಳ್ಳ

ದೊಡ್ಡ ನ್ಯಾಯಾಧೀಶರೂ ಧಾರಾವಾಹಿ ನೋಡುತ್ತಾರೆಂದು ಗೊತ್ತಾದ ದಿನ ನನಗೆ ಒಂದು ಬಗೆಯ ಸಮಾಧಾನವಾಯಿತು. ವಕೀಲಿಕೆ ಓದುವ ಮೊಮ್ಮಗಳು ಸುಮಾ ಪೇಪರ್ ಓದಿ ಹೇಳಿದಳು: ಪರದೇಶದ ಸಭೆಯೊಂದರಲ್ಲಿ ನ್ಯಾಯಾಧೀಶರು ಟೀವಿಯ ಕತೆ ಹಿಡಿದು ವಾದಕ್ಕೆ ಬಿದ್ದಿದ್ದರಂತೆ. ಕತೆಯ ನಾಯಕ ಒಬ್ಬನನ್ನು ಕೂಡಿಹಾಕಿ ಬಡಿದು, ಬಾಂಬು ಎಲ್ಲಿದೆಯೆಂದು ಬಾಯಿ ಬಿಡಿಸಿ, ಊರು ಉಳಿಸುತ್ತಾನೆ. ಅವನು ಮಾಡಿದ್ದು ಸರಿಯೋ ತಪ್ಪೋ?

“ನೀ ಏನಂತಿ ಆಯಿ?” ಎಂದಳು.

ನಗಬೇಕೆಂದಿದ್ದೆ, ಆಗಲಿಲ್ಲ. ನಾನೂ ಒಮ್ಮೆ ಅಂಥದೇ ನ್ಯಾಯ ಹೇಳಿದವಳು.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನ್ನನ್ನು ಮಹಿಳಾ ಮೀಸಲಾತಿ ಪಂಚಾಯಿತಿಯ ಕುರ್ಚಿಯಲ್ಲಿ ಕೂರಿಸಿದ ಕಾಲ ಅದು. ಹೊಳೆದಂಡೆಯ ಪಂಪಿನ ತಾಮ್ರದ ವಾಯರು ಕಳುವಾಯಿತು. ಊರೂರು ಸುತ್ತಿ ದಿಗ್ಗೇವಾಡಿಯ ತನಕ ಮೋಟರು ರಿಪೇರಿಗೆ ಹೋಗುವ ಬಾಳೂನ ಮೇಲೆ ಎಲ್ಲರ ಕಣ್ಣು. ಅವನನ್ನು ಪಂಚಾಯಿತಿ ಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದರು. ನಾನೋ, ವಾರವಾರವೂ ಮರಾಠಿ ಪತ್ತೇದಾರಿ ಧಾರಾವಾಹಿ ನೋಡಿ ಅರ್ಧ ಫೌಜದಾರಳೇ ಆಗಿದ್ದೆ.

“ಸಂಜಿತನಾ ಕುಂಡ್ರಲಿ, ಎರಡ ಏಟ ಬಿದ್ರ ತಾನ ಬಾಯಿ ಬಿಡ್ತಾನ. ಟೀವ್ಯಾಗ ನೋಡಿಲ್ಲೇನು?” ಎಂದೆ.

ಗೋಡೆಗೆ ಒರಗಿದ್ದ ಅವನ ಹೆಂಡತಿ ಶೇವಂತಾ ಅಳಲಿಲ್ಲ.

“ಟೀವ್ಯಾಗ ಕಳ್ಳನ್ನ ಹಿಂದಿನ ವಾರನ ತೋರ್ಸಿರ್ತಾರ ಆಯಿ. ನನ್ನ ಗಂಡ ಕದ್ದದ್ದ ನಿನಗ ಯಾವ ವಾರ ತೋರ್ಸಿದ್ರು?”

ನಿಜವಲ್ಲವೇ? ಧಾರಾವಾಹಿಯಲ್ಲಿ ಕಳ್ಳ ಬಂದರೆ ಸಂಗೀತವೇ ಚಾಡಿ ಹೇಳುತ್ತದೆ. ನಮ್ಮೂರಲ್ಲಿ ಯಾರು ಬಂದರೂ ನಾಯಿ ಮಾತ್ರ ಬೊಗಳುತ್ತದೆ, ಅದೂ ಎಲ್ಲರಿಗೂ ಒಂದೇ ಥರ.

ಎದ್ದು ಹೋಗಿ ಚಿಲಕ ತೆಗೆದೆ. ಬಾಳೂ ಬಾಗಿಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲಿ ಎಂಟಾಣೆ.

“ಏನ್ ಮಾಡಾಕತ್ತಿ?”

“ಬಿಜಾಗರಿ ತಿರುಪು ಸಡಲ ಆಗಿದ್ವು ಆಯಿ. ಬಾಗಿಲಾ ಯಾರ ಮೈಮ್ಯಾಲರ ಬಿದ್ದೀತಂತ ಬಿಗಿ ಮಾಡೇನಿ.”

ಅದೇ ಎಂಟಾಣೆಯಿಂದ ತಿರುಪು ಬಿಚ್ಚಿ, ಬಾಗಿಲು ಕಳಚಿ ಓಡಿಹೋಗಬಹುದಿತ್ತು, ಪುಣ್ಯಾತ್ಮ. “ಮನಿಗಿ ಹೋಗ” ಎಂದೆ. ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. ಮರುದಿನ ಒಂದು ಬುಟ್ಟಿ ಶೇಂಗಾ ಕೊಟ್ಟುಬಂದೆ. ಶೇವಂತಾ ಶೇಂಗಾ ಸುರುವಿಕೊಂಡು, ಬುಟ್ಟಿ ತೊಳೆದು, ಅದರಲ್ಲಿ ನಾಲ್ಕು ಬದನೆಕಾಯಿ ಇಟ್ಟು ಕಳಿಸಿದಳು.

“ವಾಯರು ಯಾರು ಕದ್ದಿದ್ರು?” ನಾನು ಇಷ್ಟು ಹೇಳಿ ಮುಗಿಸಿದಾಗ ಸುಮಾ ಕೇಳಿದಳು.

“ಇವತ್ತಿಗೂ ಗೊತ್ತಿಲ್ಲ.”

“ಬಾಳೂಕಾಕಾನೂ ಇರಬಹುದಲ್ಲ?”

ಇರಬಹುದು. ನನಗೆ ಗೊತ್ತಿರುವುದು ಒಂದೇ: ಊರಿನ ಬಾಗಿಲುಗಳೆಲ್ಲ ಮಳೆಗಾಲಕ್ಕೆ ಕಿರುಗುಟ್ಟುತ್ತವೆ, ಪಂಚಾಯಿತಿಯ ಆ ಒಂದು ಬಾಗಿಲು ಮಾತ್ರ ಇಂದಿಗೂ ಸದ್ದಿಲ್ಲದೆ ತೆರೆಯುತ್ತದೆ.